ರಸ್ತೆಯ ಪಂಚಾಂಗ: ಗುರುಗುಂಟಾ–ಸಿಂಧನೂರು ದಾರಿಯಲ್ಲಿ ಬೈಕ್ ಸವಾರರ ಮುನ್ನೋಟ

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ, ಕೃಷ್ಣಾ ನದಿಯ ತಿಂಥಣಿ ಸೇತುವೆಯನ್ನು ದಾಟಿ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಮೂಲಕ ಬಳ್ಳಾರಿಯತ್ತ ಸಾಗುವ 150ಎ ರಾಷ್ಟ್ರೀಯ ಹೆದ್ದಾರಿಯ ದಾರಿಯಲ್ಲಿರುವ ಊರು. ಈ ದಾರಿಯಲ್ಲಿ ದೂರದ ಲಾರಿಗಳೂ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳೂ ವೇಗವಾಗಿ ಓಡುತ್ತವೆ. ಅದೇ ಡಾಂಬರಿನ ಮೇಲೆ ಭತ್ತ ತುಂಬಿದ ಟ್ರ್ಯಾಕ್ಟರ್, ಕೂಲಿಕಾರರನ್ನು ಹೊತ್ತ ಟಂಟಂ ಆಟೊ ಮತ್ತು ಕ್ರೂಸರ್ ಜೀಪು, ಎತ್ತಿನ ಬಂಡಿ, ಕುರಿ ಹಿಂಡು, ಮೂವರು ಕುಳಿತ ಬೈಕು, ಎಡಬಲ ನೋಡದೆ ಅಡ್ಡ ಬರುವ ಎಮ್ಮೆ ಎಲ್ಲವೂ ತಮ್ಮ ತಮ್ಮ ವೇಗದಲ್ಲಿ ಚಲಿಸುತ್ತವೆ. ನಗರದ ಸಂಚಾರ ದಟ್ಟಣೆಯಲ್ಲಿ ವಾಹನಗಳು ಒತ್ತಾಗಿರುತ್ತವೆಯಾದರೂ ಅವುಗಳ ವೇಗ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಇಲ್ಲಿಯ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದ ಲಾರಿಯೂ 15 ಕಿ.ಮೀ. ವೇಗದ ಟ್ರ್ಯಾಕ್ಟರೂ ಒಂದರ ಹಿಂದೆ ಒಂದು ಬರುವುದರಿಂದ, ದಟ್ಟಣೆ ಕಡಿಮೆಯಿದ್ದರೂ ಅಪಾಯ ಹೆಚ್ಚು.

ಈ ಗೊಂದಲವನ್ನು ವಿಧಿಯೆಂದೋ ಅದೃಷ್ಟವೆಂದೋ ಬಿಟ್ಟುಬಿಡುವ ರೂಢಿ ಸವಾರರಲ್ಲಿದೆ. ಅದು ಸರಿಯಲ್ಲ. ಈ ಭಾಗದ ರಸ್ತೆಗೆ ಬೆಳೆ, ಕಾಲುವೆಯ ನೀರು, ಸಂತೆ, ಜಾತ್ರೆ, ಗಣಿಯ ಪಾಳಿ, ಸೂರ್ಯನ ದಿಕ್ಕು ಇವೆಲ್ಲ ಸೇರಿ ಬರೆದ ಒಂದು ಪಂಚಾಂಗವೇ ಇದೆ. ಯಾವ ತಿಂಗಳು, ಯಾವ ಹೊತ್ತು, ಯಾವ ತಿರುವಿನಲ್ಲಿ ಏನು ಎದುರಾಗಬಹುದೆಂಬುದನ್ನು ಅದರಿಂದ ಬಹುಮಟ್ಟಿಗೆ ಮುಂಚೆಯೇ ತಿಳಿಯಬಹುದು. ಹಾಗೆ ತಿಳಿದು, ಅಪಾಯ ಕಣ್ಣೆದುರಿಗೆ ಬರುವ ಮೊದಲೇ ವೇಗವನ್ನೂ ರಸ್ತೆಯ ಮೇಲಿನ ತನ್ನ ಸ್ಥಾನವನ್ನೂ ಬದಲಿಸಿಕೊಳ್ಳುವ ಸಾಮರ್ಥ್ಯವನ್ನು ಇಲ್ಲಿ ಮುನ್ನೋಟ ಎಂದು ಕರೆಯಲಾಗಿದೆ. ಬ್ರಿಟನ್ನಿನ ಪೊಲೀಸ್ ಚಾಲಕರ ತರಬೇತಿಯಲ್ಲಿ ಬಳಸುವ ‘ರೋಡ್‌ಕ್ರಾಫ್ಟ್’ ಎಂಬ ಕೈಪಿಡಿ ಅಪಾಯಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ: ತಿರುವು, ಕ್ರಾಸ್, ಉಬ್ಬುತಗ್ಗುಗಳಂಥ ರಸ್ತೆಯ ರಚನೆಯವು; ಇತರರ ನಡೆಯಿಂದ ಹುಟ್ಟುವವು; ಹವಾಮಾನದಿಂದ ಮತ್ತು ಬದಲಾಗುವ ರಸ್ತೆಯ ಮೇಲ್ಮೈಯಿಂದ ಬರುವವು. ಸಿಂಧನೂರು ಸೀಮೆಯಲ್ಲಿ ಈ ಮೂರೂ ಬೇರೆಬೇರೆಯಾಗಿ ಬರುವುದು ಕಡಿಮೆ. ಕಾಲುವೆಯ ದಾರಿ ಹೆದ್ದಾರಿಗೆ ಕೂಡುವಲ್ಲಿ, ಕೆಸರು ಮೆತ್ತಿದ ಡಾಂಬರಿನ ಮೇಲೆ, ತಿರುಗಲು ನಿಂತ ಟ್ರ್ಯಾಕ್ಟರ್ ಎದುರಾದರೆ ಮೂರೂ ಒಂದೇ ಕ್ಷಣಕ್ಕೆ ಬಂದಂತಾಯಿತು.

ಚುರುಕಾದ ಕೈಕಾಲು ಇದ್ದರೆ ಸಾಕು, ಮುನ್ನೋಟ ಏಕೆ ಬೇಕು ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ ಉತ್ತರ ಕೊಟ್ಟಿದೆ. ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲಿಸ್ ಪ್ರದೇಶದ ಸುಮಾರು 900 ಮೋಟಾರ್‌ಸೈಕಲ್ ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ 1981ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅಪಾಯ ಎದುರಾದಾಗಿನಿಂದ ಡಿಕ್ಕಿಯಾಗುವವರೆಗೆ ಸಾಮಾನ್ಯವಾಗಿ ಸವಾರನ ಕೈಯಲ್ಲಿ ಉಳಿದಿದ್ದ ಸಮಯ 2 ಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಅವನು ನೋಡಬೇಕು, ಏನೆಂದು ಅರಿಯಬೇಕು, ನಿರ್ಧರಿಸಬೇಕು, ಬ್ರೇಕ್ ಹಿಡಿಯಬೇಕು. ಬೇರೊಂದು ವಾಹನದೊಡನೆ ನಡೆದ ಡಿಕ್ಕಿಗಳಲ್ಲಿ ಮೂರನೇ ಎರಡರಷ್ಟರಲ್ಲಿ ತಪ್ಪು ಆ ವಾಹನದ್ದು, ಬೈಕಿನ ದಾರಿಗೆ ಅದೇ ಅಡ್ಡ ಬಂದಿತ್ತು ಎಂದೂ ಆ ವರದಿ ಹೇಳುತ್ತದೆ. ಆದರೆ ತಪ್ಪು ಯಾರದೆಂಬ ತೀರ್ಮಾನ ಆಸ್ಪತ್ರೆಯಲ್ಲಿ ಮಲಗಿದ ಸವಾರನಿಗೆ ಪ್ರಯೋಜನಕ್ಕೆ ಬರುವುದಿಲ್ಲವಾದ್ದರಿಂದ, ಇತರರು ತಪ್ಪು ಮಾಡಿಯೇ ಮಾಡುತ್ತಾರೆಂದು ಎಣಿಸಿ ಅದಕ್ಕೆ ಜಾಗ ಬಿಟ್ಟುಕೊಂಡು ಓಡಿಸುವುದೇ ಲೆಕ್ಕಕ್ಕೆ ಸರಿಯಾದ ಮಾರ್ಗ.

ಈ ಜಾಗ ಎಷ್ಟಿರಬೇಕೆಂಬುದಕ್ಕೆ ಸರಳ ಗಣಿತವಿದೆ. ಬೈಕು ನಿಲ್ಲುವ ಒಟ್ಟು ದೂರದಲ್ಲಿ ಎರಡು ಭಾಗಗಳಿರುತ್ತವೆ: ಅಪಾಯ ಕಂಡು ಬ್ರೇಕ್ ಹಿಡಿಯುವವರೆಗೆ ಗಾಡಿ ಅದೇ ವೇಗದಲ್ಲಿ ಸಾಗುವ ದೂರ ಒಂದು, ಬ್ರೇಕ್ ಹಿಡಿದ ಮೇಲೆ ನಿಲ್ಲುವವರೆಗಿನ ದೂರ ಇನ್ನೊಂದು. ಮೊದಲನೆಯದಕ್ಕೆ ಒಂದೂವರೆ ಸೆಕೆಂಡ್ ಹಿಡಿದು, ಒಣಗಿದ ಒಳ್ಳೆಯ ಡಾಂಬರಿನ ಮೇಲೆ ಸಾಧಾರಣ ಸವಾರ ಹಿಡಿಯಬಲ್ಲ ಗಟ್ಟಿ ಬ್ರೇಕನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಗಂಟೆಗೆ 40 ಕಿ.ಮೀ. ವೇಗದಲ್ಲಿ ನಿಲ್ಲಲು ಸುಮಾರು 27 ಮೀಟರ್, 60ರಲ್ಲಿ ಸುಮಾರು 48 ಮೀಟರ್, 80ರಲ್ಲಿ ಸುಮಾರು 75 ಮೀಟರ್ ಬೇಕು. ವೇಗ ಇಮ್ಮಡಿಯಾದರೆ ಬ್ರೇಕಿನ ದೂರ ನಾಲ್ಮಡಿಯಾಗುತ್ತದೆ. ಮಳೆ ಬಿದ್ದು ಹಿಡಿತ ಅರ್ಧಕ್ಕಿಳಿದರೆ 60ರ ವೇಗದ ಗಾಡಿಗೂ 70 ಮೀಟರ್ ಸಾಲದು. ಮಬ್ಬು ಗಾಜಿನ ಸಾಧಾರಣ ಬೈಕಿನ ಡಿಪ್ ಬೆಳಕು, ಅಂದರೆ ಎದುರಿನವರ ಕಣ್ಣು ಕುಕ್ಕದಂತೆ ತಗ್ಗಿಸಿದ ಹೆಡ್‌ಲೈಟ್, ಮೂವತ್ತು ನಲವತ್ತು ಮೀಟರಿನಾಚೆಗೆ ಸ್ಪಷ್ಟವಾಗಿ ತೋರಿಸುವುದಿಲ್ಲ. ಆದ್ದರಿಂದ ಕತ್ತಲೆಯಲ್ಲಿ 60ರ ವೇಗದಲ್ಲಿ ಹೋಗುವ ಸವಾರ, ತಾನು ಇನ್ನೂ ಕಾಣದಿರುವ ಜಾಗ ಖಾಲಿಯಿದೆಯೆಂಬ ನಂಬಿಕೆಯ ಮೇಲೆ ಓಡಿಸುತ್ತಿರುತ್ತಾನೆ.

ಆ ನಂಬಿಕೆ ಹುಸಿಯಾಗುವುದು ಹೆಚ್ಚಾಗಿ ಟ್ರ್ಯಾಕ್ಟರ್ ಟ್ರೈಲರಿನಿಂದ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ನಾಡಾದ ಸಿಂಧನೂರಿನಲ್ಲಿಯೂ, ನಾರಾಯಣಪುರ ಬಲದಂಡೆ ಕಾಲುವೆಯ ನೀರು ಮುಟ್ಟಿದ ಲಿಂಗಸುಗೂರಿನ ಹಳ್ಳಿಗಳಲ್ಲಿಯೂ ಟ್ರ್ಯಾಕ್ಟರ್ ರೈತನ ಎರಡನೆಯ ಕೈ. ಟ್ರೈಲರಿಗೆ ಹಿಂಬದಿಯ ಕೆಂಪು ದೀಪ ಇರುವುದೇ ಅಪರೂಪ, ಇದ್ದರೂ ಉರಿಯುವುದು ಇನ್ನೂ ಅಪರೂಪ. ಹುಲ್ಲು ಅಥವಾ ಹತ್ತಿ ಹೇರಿದಾಗ ಹೊರೆ ಎರಡೂ ಬದಿಗೆ ಚಾಚಿಕೊಂಡು, ಅಳಿದುಳಿದ ಪ್ರತಿಫಲಕವನ್ನೂ ಮುಚ್ಚುತ್ತದೆ. ರಾತ್ರಿ ಇಂಥ ಗಾಡಿಯನ್ನು ನೇರವಾಗಿ ಕಾಣುವುದು ಕಷ್ಟವಾದರೂ ಅದರ ಸುಳಿವು ಮೊದಲೇ ಸಿಗುತ್ತದೆ: ದೂರದಲ್ಲಿ ಎದುರಿನಿಂದ ಬರುತ್ತಿದ್ದ ವಾಹನದ ದೀಪ ತಿರುವಿಲ್ಲದ ಜಾಗದಲ್ಲಿ ಒಮ್ಮೆಲೇ ಮರೆಯಾದರೆ, ಸವಾರನಿಗೂ ಆ ದೀಪಕ್ಕೂ ನಡುವೆ ದೀಪವಿಲ್ಲದ ದೊಡ್ಡದೊಂದು ಇದೆಯೆಂದೇ ಅರ್ಥ. ಗಾಳಿಯಲ್ಲಿ ತೇಲುವ ಹುಲ್ಲಿನ ಎಳೆ, ಹೆಡ್‌ಲೈಟಿನ ಬೆಳಕಿನಲ್ಲಿ ಕಾಣುವ ಹೊಗೆ, ಡಾಂಬರಿನ ಮೇಲೆ ಉದುರಿದ ಕಾಳು ಇವೂ ಅದನ್ನೇ ಹೇಳುತ್ತವೆ. ಎದುರಿನಿಂದ ಒಂಟಿ ದೀಪ ಬಂದರೆ ಅದು ಬೈಕೇ ಆಗಿರಬೇಕಿಲ್ಲ. ಒಂದು ದೀಪ ಕೆಟ್ಟ ಲಾರಿಯೋ ಟ್ರ್ಯಾಕ್ಟರೋ ಆಗಿದ್ದರೆ ಉರಿಯುತ್ತಿರುವುದು ಅದರ ಎಡದ ದೀಪವಿರಬಹುದು, ಆಗ ಕತ್ತಲಲ್ಲಿರುವ ಉಳಿದ ಅಗಲವೆಲ್ಲ ಸವಾರನ ಕಡೆಗೇ ಇರುತ್ತದೆ.

ಹಗಲಿನಲ್ಲಿಯೂ ಟ್ರ್ಯಾಕ್ಟರಿನ ನಡೆ ತಪ್ಪು ತಿಳಿವಳಿಕೆಗೆ ಎಡೆ ಕೊಡುತ್ತದೆ. ಉದ್ದನೆಯ ಟ್ರೈಲರ್ ಎಳೆಯುವ ಚಾಲಕ ಬಲಕ್ಕೆ ಕಿರಿದಾದ ಹೊಲದ ದಾರಿಗೆ ತಿರುಗಬೇಕಾದಾಗ, ತಿರುವು ಸಾಕಾಗಲೆಂದು ಮೊದಲು ಎಡಕ್ಕೆ ಸರಿಯುತ್ತಾನೆ. ಹಿಂದಿರುವ ಬೈಕ್ ಸವಾರ ಅದನ್ನು ತನಗೆ ದಾರಿ ಬಿಟ್ಟದ್ದೆಂದು ತಿಳಿದು ಬಲಗಡೆಯಿಂದ ನುಗ್ಗುತ್ತಾನೆ, ಅದೇ ಹೊತ್ತಿಗೆ ಟ್ರ್ಯಾಕ್ಟರ್ ಬಲಕ್ಕೆ ಹೊರಳುತ್ತದೆ. ಟ್ರ್ಯಾಕ್ಟರ್ ಕಾರಣವಿಲ್ಲದೆ ನಿಧಾನವಾಯಿತೆಂದರೆ ಕಾರಣ ಇದ್ದೇ ಇದೆ. ಬಲಗಡೆ ಹೊಲದ ದಾರಿ, ಕಾಲುವೆಯ ಏರಿ, ಪೆಟ್ರೋಲ್ ಬಂಕ್ ಅಥವಾ ಕ್ಯಾಂಪ್ ಎಂದು ಕರೆಯುವ ಊರಿನ ಕ್ರಾಸ್ ಇದೆಯೇ ಎಂದು ನೋಡದೆ, ಚಾಲಕ ಹಿಂದಿರುಗಿ ನೋಡಿದನೇ ಎಂಬುದನ್ನು ಖಚಿತಪಡಿಸಿಕೊಳ್ಳದೆ ಅದನ್ನು ಹಿಂದಿಕ್ಕಬಾರದು. ಟ್ರೈಲರಿಗೆ ಸಾಮಾನ್ಯವಾಗಿ ಸ್ವಂತ ಬ್ರೇಕ್ ಇರುವುದಿಲ್ಲವಾದ್ದರಿಂದ, ಹೊರೆ ತುಂಬಿದ ಟ್ರ್ಯಾಕ್ಟರಿನ ಮುಂದೆ ನುಸುಳಿ ಕೂಡಲೇ ಬ್ರೇಕ್ ಹಿಡಿಯುವುದೂ ಅಷ್ಟೇ ಅವಿವೇಕ.

ರಸ್ತೆಯ ಮೇಲ್ಮೈಯನ್ನು ಋತುವಿನೊಡನೆ ಓದಬೇಕು. ಮುಂಗಾರಿನಲ್ಲಿ ನಾಟಿಗೆ ಗದ್ದೆ ಹದ ಮಾಡುವಾಗ ಟ್ರ್ಯಾಕ್ಟರಿನ ಗಾಲಿಗೆ ಮೆತ್ತಿದ ಎರೆಮಣ್ಣು ಹೆದ್ದಾರಿಯವರೆಗೂ ಬಂದು ಹೆಂಟೆಹೆಂಟೆಯಾಗಿ ಉದುರುತ್ತದೆ. ಒಣಗಿದ್ದಾಗ ಅದು ಧೂಳು. ನಾಲ್ಕು ಹನಿ ಬಿದ್ದೊಡನೆ ಎಣ್ಣೆ ಸವರಿದಂತೆ ಜಾರುವ ಪದರ. ಜೋರು ಮಳೆ ಅದನ್ನು ತೊಳೆದುಬಿಡುತ್ತದೆ, ಆದ್ದರಿಂದ ಹೆಚ್ಚು ಅಪಾಯಕಾರಿಯಾದದ್ದು ದೊಡ್ಡ ಮಳೆಯಲ್ಲ, ತುಂತುರು. ಡಾಂಬರಿನ ಮೇಲೆ ಕೆಸರಿನ ಗಾಲಿ ಗುರುತು ಕಂಡರೆ ಇನ್ನೊಂದು ಅರ್ಥವೂ ಇದೆ: ಹತ್ತಿರದಲ್ಲೇ, ಪೊದೆಯ ಮರೆಯಲ್ಲಿ, ಹೊಲದ ದಾರಿಯೊಂದು ಹೆದ್ದಾರಿಗೆ ಕೂಡುತ್ತದೆ, ಇಂದು ಅದರಲ್ಲಿ ಗಾಡಿಗಳು ಓಡಾಡುತ್ತಿವೆ. ಫಲಕವಿಲ್ಲದ ಕ್ರಾಸನ್ನು ತೋರಿಸುವ ಫಲಕ ಈ ಗುರುತೇ.

ಎರೆಭೂಮಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದರ ಮೇಲಿನ ರಸ್ತೆಯೂ ವರ್ಷವರ್ಷ ಏರಿಳಿದು ಅಲೆಯಲೆಯಾಗುತ್ತದೆ, ಅಂಚಿಗೆ ಸಮಾನಾಂತರವಾಗಿ ಉದ್ದುದ್ದ ಸೀಳುಗಳು ಬೀಳುತ್ತವೆ. ಅಡ್ಡ ಸೀಳು ಗಾಡಿಯನ್ನು ಕುಲುಕಿಸಿ ಬಿಡುತ್ತದೆ. ಉದ್ದ ಸೀಳು ಬೈಕಿನ ತೆಳ್ಳನೆಯ ಗಾಲಿಯನ್ನು ಹಿಡಿದುಕೊಳ್ಳುತ್ತದೆ. ಎದುರಿನ ಬಸ್ಸಿಗೆ ಅಂಜಿ ಮಣ್ಣಿನಂಚಿಗೆ ಇಳಿದು ಮತ್ತೆ ಡಾಂಬರಿಗೆ ಏರುವಾಗಲೂ ಇದೇ ತೊಂದರೆ. ಅಂಚಿನ ಎತ್ತರಕ್ಕೆ ಗಾಲಿಯನ್ನು ಓರೆಯಾಗಿ ಉಜ್ಜುತ್ತ ಏರಿಸಿದರೆ ಗಾಡಿ ಬೀಳುತ್ತದೆ. ವೇಗ ಪೂರ್ತಿ ಇಳಿಸಿ, ಸಾಧ್ಯವಾದಷ್ಟು ನೇರ ಕೋನದಲ್ಲಿ ಏರಬೇಕು.

ಸುಗ್ಗಿಯ ಕಾಲದ ಮಾತೇ ಬೇರೆ. ಕಣಗಳು ಕಡಿಮೆಯಾದ ಮೇಲೆ ಸಜ್ಜೆ, ತೊಗರಿ, ಭತ್ತಗಳಿಗೆ ಡಾಂಬರೇ ಕಣವಾಗಿದೆ. ಕಾಳನ್ನು ಒಣಹಾಕುವುದು ಒಂದು, ವಾಹನಗಳ ಗಾಲಿಗೆ ಸಿಕ್ಕಿ ಬಡಿಯಲೆಂದು ತೆನೆ ಅಥವಾ ಗಿಡವನ್ನೇ ಹಾಸುವುದು ಇನ್ನೊಂದು. ಉರುಳುವ ಕಾಳಿನ ಮೇಲೆ ಬೈಕಿನ ಗಾಲಿಗೆ ಹಿಡಿತವೇ ಇರುವುದಿಲ್ಲ, ತೊಗರಿ ಕಟ್ಟಿಗೆ ಚೈನಿಗೂ ಗಾಲಿಯ ಕಡ್ಡಿಗೂ ಸಿಕ್ಕಿಕೊಳ್ಳುತ್ತದೆ. ರಾಶಿಯ ಸುತ್ತ ಕಾವಲಿಗೆ ಇಟ್ಟ ಕಲ್ಲುಗಳು ರಾಶಿ ಎತ್ತಿದ ಮೇಲೂ ಅಲ್ಲೇ ಉಳಿಯುವುದುಂಟು, ಕತ್ತಲೆಯಲ್ಲಿ ಕಾಳಿಗಿಂತ ಅವೇ ಹೆಚ್ಚು ಅಪಾಯಕಾರಿ. ಅರ್ಧ ರಸ್ತೆ ರಾಶಿಗೆ ಹೋದಲ್ಲಿ ಎರಡೂ ದಿಕ್ಕಿನ ವಾಹನಗಳು ಉಳಿದ ಅರ್ಧದಲ್ಲೇ ಬರಬೇಕಾಗುತ್ತದೆ. ಅಲ್ಲಿ ಬೈಕು ತನ್ನ ಹಕ್ಕಿನ ಎಡಭಾಗಕ್ಕಾಗಿ ಹಟ ಹಿಡಿಯದೆ ಮೊದಲೇ ನಿಂತು ದಾರಿ ಬಿಡುವುದು ಲೇಸು. ತಪ್ಪಿಸಿಕೊಳ್ಳಲಾಗದೆ ಕಾಳಿನ ಮೇಲೆ ಹೋಗಲೇಬೇಕಾಗಿ ಬಂದರೆ, ಹ್ಯಾಂಡಲ್ ನೇರವಾಗಿಟ್ಟು, ಬ್ರೇಕನ್ನೂ ಆಕ್ಸಿಲರೇಟರನ್ನೂ ಮುಟ್ಟದೆ, ಗಾಡಿಯನ್ನು ತನ್ನ ಓಟದಲ್ಲೇ ದಾಟಲು ಬಿಡಬೇಕು. ಬ್ರೇಕೆಲ್ಲ ಅದಕ್ಕೆ ಮೊದಲೇ ಮುಗಿದಿರಬೇಕು. ಅಕ್ಕಿ ಗಿರಣಿಗಳ ಆಸುಪಾಸಿನಲ್ಲಿ ಗಾಳಿಗೆ ಹಾರುವ ಉಮಿ ಕಣ್ಣಿಗೆ ಬಿದ್ದರೆ ಕೆಲವು ಸೆಕೆಂಡುಗಳ ಕಾಲ ಕುರುಡೇ. ಹೆಲ್ಮೆಟ್ಟಿನ ಗಾಜನ್ನು ಏರಿಸಿಕೊಂಡು ಓಡಿಸುವ ರೂಢಿಗೆ ಇದೊಂದೇ ಸಾಕಾದಷ್ಟು ಉತ್ತರ.

ಸೂರ್ಯನ ದಿಕ್ಕನ್ನು ಹೆಚ್ಚಿನ ಸವಾರರು ಗಮನಿಸುವುದಿಲ್ಲ. ಲಿಂಗಸುಗೂರಿನಿಂದ ಮಸ್ಕಿ, ಸಿಂಧನೂರುಗಳತ್ತ ರಸ್ತೆ ಬಹುಮಟ್ಟಿಗೆ ಆಗ್ನೇಯಕ್ಕೆ ಸಾಗುತ್ತದೆ, ಗುರುಗುಂಟಾದಿಂದ ಲಿಂಗಸುಗೂರಿನ ಕಡೆಗೆ ನೈಋತ್ಯಕ್ಕೆ. ಡಿಸೆಂಬರ್, ಜನವರಿಗಳಲ್ಲಿ ಸೂರ್ಯ ಹುಟ್ಟುವುದು ಆಗ್ನೇಯದ ಕಡೆ, ಮುಳುಗುವುದು ನೈಋತ್ಯದ ಕಡೆ. ಆದ್ದರಿಂದ ಚಳಿಗಾಲದ ಬೆಳಿಗ್ಗೆ ಸಿಂಧನೂರಿಗೆ ಹೊರಟವರಿಗೂ, ಸಂಜೆ ಗುರುಗುಂಟಾದಿಂದ ಲಿಂಗಸುಗೂರಿಗೆ ಬರುವವರಿಗೂ ಬಿಸಿಲು ಹೆಚ್ಚುಕಡಿಮೆ ನೇರವಾಗಿ ಮುಖಕ್ಕೆ ಹೊಡೆಯುತ್ತದೆ. ರಸ್ತೆಯ ಮೇಲೆ ರಾಶಿ, ಹೊರೆಗಾಡಿ ಹೆಚ್ಚಾಗಿರುವುದೂ ಅದೇ ತಿಂಗಳುಗಳಲ್ಲಿ. ಬೆನ್ನಿಗೆ ಬಿಸಿಲಿದ್ದ ಸವಾರನಿಗೆ ತನ್ನ ಮುಂದಿನದೆಲ್ಲ ಚೆನ್ನಾಗಿ ಕಾಣುವುದರಿಂದ ಅವನು ನಿಶ್ಚಿಂತನಾಗಿರುತ್ತಾನೆ. ಆದರೆ ಎದುರಿನ ಲಾರಿ ಚಾಲಕನಿಗೆ ಅವನು ಕಾಣುತ್ತಿರುವುದಿಲ್ಲ. ತನ್ನ ನೆರಳು ತನ್ನ ಮುಂದೆ ಉದ್ದವಾಗಿ ಬಿದ್ದಿದ್ದರೆ ಎದುರಿನವರ ಕಣ್ಣಿಗೆ ಬಿಸಿಲಿದೆಯೆಂದು ತಿಳಿಯಬೇಕು.

ಕಾಣುವ ಮಾತು ಬಂದಿತಾದ್ದರಿಂದ ಕಣ್ಣಿನ ಕೆಲಸದ ಬಗೆಗೆ ಸ್ವಲ್ಪ ವಿವರ ಅಗತ್ಯ. ಕ್ರಾಸಿನಲ್ಲಿ ನಿಂತ ಚಾಲಕ ಎಡಬಲಕ್ಕೆ ಕತ್ತು ಹೊರಳಿಸಿದಾಗ ಅವನ ನೋಟ ಸರಾಗವಾಗಿ ಹರಿಯುವುದಿಲ್ಲ, ಒಂದು ಬಿಂದುವಿನಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಆ ಜಿಗಿತದ ನಡುವೆ ಮೆದುಳು ನೋಟವನ್ನು ಅದುಮಿಟ್ಟು, ಬಿಟ್ಟುಹೋದ ಜಾಗವನ್ನು ತಾನೇ ತುಂಬಿಕೊಳ್ಳುತ್ತದೆ. ಬಸ್ಸಿನಷ್ಟು ದೊಡ್ಡದು ಈ ಬಿಡುವಿನಲ್ಲಿ ಕಳೆದುಹೋಗುವುದಿಲ್ಲ, ಬೈಕು ಕಳೆದುಹೋಗಬಹುದು. ಅಲ್ಲದೆ ನೇರವಾಗಿ ತನ್ನೆಡೆಗೆ ಬರುವ ಚಿಕ್ಕ ವಸ್ತು ಹತ್ತಿರವಾಗುವವರೆಗೆ ಹೆಚ್ಚು ದೊಡ್ಡದಾದಂತೆ ತೋರುವುದಿಲ್ಲವಾಗಿ, ಬೈಕು ಇನ್ನೂ ದೂರವಿದೆ, ನಿಧಾನವಿದೆ ಎಂದು ನೋಡುವವನು ಎಣಿಸುತ್ತಾನೆ. ‘ನೋಡಿಯೇ ಬಂದೆ, ಗಾಡಿ ಇರಲಿಲ್ಲ’ ಎಂದು ಅಪಘಾತದ ನಂತರ ಚಾಲಕ ಹೇಳುವುದು ಎಲ್ಲ ಸಲವೂ ಸುಳ್ಳಲ್ಲ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳ ಹೆಡ್‌ಲೈಟ್ ಹಗಲಲ್ಲೂ ಉರಿಯುವಂತೆ ಕಡ್ಡಾಯ ಮಾಡಿದ್ದು ಇದಕ್ಕಾಗಿಯೇ. ಕ್ರಾಸು ಸಮೀಪಿಸುವಾಗ ವೇಗ ತಗ್ಗಿಸಿ, ತನ್ನ ಪಥದೊಳಗೇ ಮೆಲ್ಲಗೆ ಅತ್ತಿತ್ತ ಸರಿದರೆ, ನಿಂತಂತೆ ಕಾಣುತ್ತಿದ್ದ ಬೈಕು ಚಲಿಸುವ ವಸ್ತುವಾಗಿ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು. ಚಾಲಕನ ಕಣ್ಣು ತನ್ನ ಕಡೆ ತಿರುಗಿದ್ದನ್ನು ನಂಬಬಾರದು, ಅವನ ಗಾಡಿಯ ಮುಂದಿನ ಗಾಲಿಯನ್ನು ನಂಬಬೇಕು; ಗಾಲಿ ಹೊರಳದೆ ವಾಹನ ತಿರುಗುವುದಿಲ್ಲ.

ಊರೊಳಗೆ ಸುಳಿವುಗಳು ಇನ್ನೂ ಚಿಕ್ಕವು. ರಾಯಚೂರು, ಗಂಗಾವತಿ, ಕುಷ್ಟಗಿ, ಮಸ್ಕಿ, ಸಿರುಗುಪ್ಪಗಳ ರಸ್ತೆಗಳೆಲ್ಲ ಕೂಡುವ ಸಿಂಧನೂರಿನಲ್ಲಿ ಟಂಟಂ ಚಾಲಕ ನೋಡುವುದು ರಸ್ತೆಯನ್ನಲ್ಲ, ಬದಿಯಲ್ಲಿ ನಿಂತ ಪ್ರಯಾಣಿಕರನ್ನು. ಆದ್ದರಿಂದ ಟಂಟಂ ಯಾವಾಗ ನಿಲ್ಲುತ್ತದೆಂದು ತಿಳಿಯಲು ಅದರ ಬ್ರೇಕ್ ದೀಪಕ್ಕಿಂತ ಬದಿಯಲ್ಲಿ ಕೈ ಎತ್ತಿದ ಹೆಂಗಸನ್ನು ನೋಡುವುದು ಮೇಲು. ನಿಂತ ಬಸ್ಸಿನ ಮುಂದಿನಿಂದ ಜನ ಅಡ್ಡ ಬರುತ್ತಾರೆ, ಬಸ್ಸಿನ ಅಡಿಯಲ್ಲಿ ಕಾಣುವ ಕಾಲುಗಳು ಅವರಿಗಿಂತ ಮೊದಲೇ ಅದನ್ನು ಹೇಳುತ್ತವೆ. ಲಾರಿಯ ಕನ್ನಡಿಯಲ್ಲಿ ಚಾಲಕನ ಮುಖ ಕಾಣದಿದ್ದರೆ ಅವನಿಗೂ ಸವಾರ ಕಾಣುವುದಿಲ್ಲ. ಲಾರಿಯ ಎಡಪಕ್ಕದ ಸಂದಿ ಎಷ್ಟೇ ಅಗಲವಾಗಿ ತೋರಿದರೂ ಅದು ದಾರಿಯಲ್ಲ. ಹಾರ್ನ್ ಕಾಲುಭಾಗದಷ್ಟು ಕೆಲಸ ಮಾಡೀತು, ಉಳಿದದ್ದಕ್ಕೆ ಬ್ರೇಕಿನ ಮೇಲೆ ಬೆರಳು ಸಿದ್ಧವಾಗಿರಬೇಕು.

ದನಕರುಗಳ ವಿಷಯದಲ್ಲಿ ಹಳ್ಳಿಯವರಿಗೆ ಹೇಳಿಕೊಡಬೇಕಾದದ್ದು ಕಡಿಮೆ, ಆದರೆ ಗೊತ್ತಿದ್ದವರೇ ಗಾಡಿಯ ಮೇಲೆ ಮರೆಯುವುದುಂಟು. ಒಂದು ಕುರಿ ದಾಟಿದರೆ ಹಿಂಡು ದಾಟುತ್ತದೆ, ತಾಯಿ ದಾಟಿದರೆ ಕರು ಓಡಿಬರುತ್ತದೆ. ಹಾಯುವ ಪ್ರಾಣಿಯ ಮುಂದಿನಿಂದ ಹೋಗದೆ ಹಿಂದಿನಿಂದ ಹೋಗಬೇಕು. ಅಮರೇಶ್ವರ ಜಾತ್ರೆಯ ದಿನಗಳಲ್ಲಿ ಗುರುಗುಂಟಾದ ಸುತ್ತಲಿನ ರಸ್ತೆಗಳಲ್ಲಿ ನಡೆದುಹೋಗುವ ಭಕ್ತರೂ ಬಂಡಿಗಳೂ ರಾತ್ರಿಯೂ ಇರುತ್ತಾರೆ. ಹಟ್ಟಿ ಚಿನ್ನದ ಗಣಿಯ ಕಡೆಗೆ ಹೋಗುವ ದಾರಿಯಲ್ಲಿ ಪಾಳಿ ಬದಲಾಗುವ ಹೊತ್ತಿಗೆ, ಒಂದು ಕಡೆ ತಡವಾಯಿತೆಂದು ಧಾವಿಸುವವರು, ಇನ್ನೊಂದು ಕಡೆ ದುಡಿದು ನಿದ್ದೆಗಣ್ಣಾದವರು ಎದುರುಬದುರಾಗುತ್ತಾರೆ. ಮಳೆಗಾಲದಲ್ಲಿ ಹಳ್ಳದ ನೀರು ಸೇತುವೆಯ ಮೇಲೆ ಹರಿಯುತ್ತಿದ್ದು ರಸ್ತೆಯ ಅಂಚು ಕಾಣದಿದ್ದರೆ, ಮುಂದೆ ಹೋದ ಟ್ರ್ಯಾಕ್ಟರ್ ಬೈಕಿಗೆ ಪ್ರಮಾಣವಲ್ಲ. ಅಲ್ಲಿ ಕಾಯುವುದೊಂದೇ ದಾರಿ.

ಇಷ್ಟಾದ ಮೇಲೂ ಬ್ರೇಕ್ ಹಿಡಿಯಬೇಕಾದ ಸಂದರ್ಭ ಬಂದೇ ಬರುತ್ತದೆ. ಮುಂದಿನ ಬ್ರೇಕ್ ಹಿಡಿದರೆ ಗಾಡಿ ಪಲ್ಟಿ ಹೊಡೆಯುತ್ತದೆ ಎಂಬ ಭಯದಿಂದ ಹಿಂದಿನದನ್ನು ಮಾತ್ರ ತುಳಿಯುವವರು ಇಂದಿಗೂ ಬಹಳ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ವಾಲಿ ಹಿಂದಿನ ಗಾಲಿ ಹಗುರಾಗುವುದರಿಂದ, ನಿಲ್ಲಿಸುವ ಬಲದ ಹೆಚ್ಚಿನ ಪಾಲು ಮುಂದಿನ ಗಾಲಿಯಿಂದಲೇ ಬರಬೇಕು. ಒಮ್ಮೆಲೇ ಕಿತ್ತು ಹಿಡಿಯದೆ, ಭಾರ ಮುಂದಕ್ಕೆ ಬಂದಂತೆ ಬಿಗಿ ಹೆಚ್ಚಿಸುತ್ತ ಎರಡನ್ನೂ ಹಿಡಿಯುವುದು ಸರಿಯಾದ ಕ್ರಮ. 2019ರ ಏಪ್ರಿಲ್‌ನಿಂದ ಮಾರಾಟಕ್ಕೆ ಬಂದ 125 ಸಿಸಿ ಮೀರಿದ ಬೈಕುಗಳಲ್ಲಿ ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್, ಅದಕ್ಕಿಂತ ಚಿಕ್ಕವುಗಳಲ್ಲಿ ಸಾಮಾನ್ಯವಾಗಿ ಒಂದನ್ನು ಹಿಡಿದರೆ ಎರಡೂ ಕೆಲಸ ಮಾಡುವ ಸಿಬಿಎಸ್ ಇರುತ್ತದೆ. ಹಳೆಯ ಗಾಡಿಗಳಿಗೆ ಎರಡೂ ಇಲ್ಲ, ಈ ಭಾಗದಲ್ಲಿ ಹಳೆಯ ಗಾಡಿಗಳೇ ಬಹಳ. ಹಿಂದೆ ಒಬ್ಬರು ಕುಳಿತು ಮುಂದೆ ಗೊಬ್ಬರದ ಚೀಲವಿದ್ದರೆ ಮೇಲೆ ಹೇಳಿದ ದೂರಗಳನ್ನು ಇನ್ನಷ್ಟು ಹಿಗ್ಗಿಸಿಕೊಳ್ಳಬೇಕು. ಅಪಾಯದ ವಸ್ತುವನ್ನೇ ದಿಟ್ಟಿಸಿದರೆ ಗಾಡಿ ಅದರ ಕಡೆಗೇ ಹೋಗುತ್ತದೆಂಬುದು ಅನುಭವಿ ಸವಾರರೆಲ್ಲ ಬಲ್ಲ ಸಂಗತಿ. ನೋಟ ತಪ್ಪಿಸಿಕೊಳ್ಳುವ ಜಾಗದ ಮೇಲಿರಬೇಕು. ಐಎಸ್‌ಐ ಗುರುತಿನ ಹೆಲ್ಮೆಟ್ಟನ್ನು ಪಟ್ಟಿ ಬಿಗಿದು ಧರಿಸುವುದು ಸವಾರನಿಗೂ ಹಿಂಬದಿಯವರಿಗೂ ಕಾನೂನಿನ ಪ್ರಕಾರ ಕಡ್ಡಾಯ. ಪಟ್ಟಿ ಬಿಗಿಯದ ಹೆಲ್ಮೆಟ್ ಬಿದ್ದ ಕ್ಷಣದಲ್ಲಿ ತಲೆಯ ಮೇಲಿರುವುದಿಲ್ಲ.

ಬೇರೆಯವರು ಬಿದ್ದದ್ದನ್ನು ಕಂಡವರು ಪೊಲೀಸ್ ಠಾಣೆಯ ಅಲೆದಾಟಕ್ಕೆ ಅಂಜಿ ದೂರ ನಿಲ್ಲಬೇಕಾಗಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮು, ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ, ಹೆಸರು ಹೇಳುವಂತೆ ಅವರನ್ನು ಒತ್ತಾಯಿಸುವಂತಿಲ್ಲ. ಆಂಬುಲೆನ್ಸಿಗೆ 108, ಪೊಲೀಸರಿಗೆ 112.

ಈ ಸೀಮೆಯಲ್ಲಿ ಬೈಕ್ ಸವಾರ ಮತ್ತು ಟ್ರ್ಯಾಕ್ಟರ್ ಮಾಲೀಕ ಬಹಳ ಸಲ ಒಬ್ಬನೇ ಆಗಿರುತ್ತಾನೆ. ರಾಶಿ ಹಾಕಿದವನೇ ಮರುದಿನ ಅದೇ ರಸ್ತೆಯಲ್ಲಿ ಸಿಂಧನೂರಿಗೆ ಹೋಗುತ್ತಾನೆ. ಟ್ರೈಲರಿನ ಹಿಂಬದಿಯಲ್ಲಿ, ಹೊರೆ ಮುಚ್ಚದಷ್ಟು ಕೆಳಗೆ, ಎರಡೂ ತುದಿಗೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸುವುದಕ್ಕೆ ಖರ್ಚು ಹೆಚ್ಚಿಲ್ಲ, ರಾಶಿ ಎತ್ತಿದ ಸಂಜೆಯೇ ಕಲ್ಲುಗಳನ್ನು ರಸ್ತೆಯಿಂದ ಕೆಳಗಿಳಿಸುವುದಕ್ಕೆ ಖರ್ಚೇ ಇಲ್ಲ. ಈ ಎರಡನ್ನು ರೈತರು ಈ ಸುಗ್ಗಿಯಿಂದಲೇ ಮಾಡಬೇಕು.